ಕುಜಗ್ರಹದ ‘ಕಾಲುವೆ’ಗಳು ಮತ್ತು ಲೋಕಾಂತರಜೀವಿಗಳ ವಿಚಾರ

ಭೂಮಿಯನ್ನುಳಿದು ಅನ್ಯಗ್ರಹಗಳಲ್ಲಿಯೂ ಜೀವಿಗಳಿರಬಹುದೇ ಎಂಬ ಪ್ರಶ್ನೆಯು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಇಟಲಿಯ ಜೋರ್ಡಾನೋ ಬ್ರೂನೋ ಎಂಬಾತನು ೧೫೮೪ರಲ್ಲಿಯೇ ವಿಶ್ವವು ಅನಂತವೆಂದೂ ಲೋಕಗಳು ಅಸಂಖ್ಯವೆಂದೂ ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದನು. ಫ್ರಾನ್ಸಿನ ಫೋಂತನೆಲ್ಲನು ೧೬೮೬ರಲ್ಲಿ ಇದೇ ವಿಷಯವನ್ನು ಸಂವಾದರೂಪವಾಗಿ ನಿರೂಪಿಸಿ ಸಾಮಾನ್ಯ ವಾಚಕರ ಕೈಗೂ ತಲುಪಿಸಿದನು. ವಿಲಿಯಂ ಹರ್ಷೆಲನು ೧೭೮೪ರಲ್ಲಿ, ಕುಜಗ್ರಹದ ಧ್ರುವಗಳಲ್ಲಿ ತೋರುವ ಬಿಳಿಯ ಭಾಗಗಳನ್ನು ಹಿಮವೆಂದೆಣಿಸಿ, ಅಲ್ಲಿನ ನಿವಾಸಿಗಳ ಸ್ಥಿತಿಯು ಅನೇಕ ವಿಷಯಗಳಲ್ಲಿ ಭೂಲೋಕದವರ ಸ್ಥಿತಿಯನ್ನು ಹೋಲುತ್ತಿರಬಹುದೆಂದು ಬರೆದನು. ಇವೆಲ್ಲವೂ ಸಾದೃಶ್ಯವನ್ನೇ ಆಧಾರವಾಗಿ ಉಳ್ಳ ಊಹೆಗಳು. ಪ್ರತ್ಯಕ್ಷವಾಗಿ ಕಂಡೆವೆಂದು ಹೇಳಿದವರು ಇವರಲ್ಲಿ ಯಾರೂ ಇಲ್ಲ. ಅಂತಹ ಮಾತು ಪ್ರಬಲವಾದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಆ ಪ್ರಾಬಲ್ಯಕ್ಕೆ ದೂರದರ್ಶಕಯಂತ್ರವು ಎಷ್ಟು ಕಾರಣವೋ ಇಟಲಿ ಭಾಷೆಯ ಒಂದು ಪದವೂ ಅಷ್ಟೇ ಕಾರಣವಾಯಿತು. ಆದುದರಿಂದ ಈ ಚರಿತ್ರೆಯು ಜ್ಯೋತಿರ್ವಿದರಿಗೆ ಮಾತ್ರವಲ್ಲದೆ, ಶಬ್ದ, ಅರ್ಥ, ಅನುಮಾನ ಇವುಗಳನ್ನು ವಿಚಾರಿಸುವವರೆಲ್ಲರಿಗೂ ಸಂಬಂಧಪಟ್ಟುದಾಗಿದೆ.

ಎಲ್ಲ ಗ್ರಹಗಳಲ್ಲಿ ಕುಜನ ಕಡೆಗೇ ಈ ಊಹೆಯು ಹರಿಯಲು ಕಾರಣಗಳುಂಟು. ಭಾರತೀಯರು ಈ ಗ್ರಹವನ್ನು ಕುಜ, ಭೌಮ ಎಂಬ ಹೆಸರುಗಳಿಂದ ಕರೆದರು. ಎರಡಕ್ಕೂ ಭೂಮಿಯಿಂದ ಹುಟ್ಟಿದವನೆಂದೇ ಅರ್ಥ. ಪಾಶ್ಚಾತ್ಯ ಜ್ಯೋತಿರ್ವಿದರು ಈ ಪುರಾಣಸಂಬಂಧವನ್ನು ಅರಿತವರಲ್ಲವಾದರೂ ತಮ್ಮ ಗಣಿತಮಾರ್ಗದಿಂದ ಎರಡಕ್ಕೂ ಒಂದು ಬಗೆಯ ಬಾಂಧವ್ಯವನ್ನು ಕಂಡುಕೊಂಡರು. ಕುಜನು ತನ್ನ ಅಕ್ಷದಲ್ಲಿ ಒಂದು ಸುತ್ತು ತಿರುಗುವುದಕ್ಕೆ ಬೇಕಾದ ಕಾಲವು ೨೪ ಗಂಟೆ ೩೭ ನಿಮಿಷ. ಅಕ್ಷದ ಓರೆಯು ಸುಮಾರು ೨೫ ಅಂಶ. ಸೂರ್ಯನನ್ನು ಸುತ್ತಿಬರಲು ಭೂಮಿಯ ದಿನಮಾನದಲ್ಲಿ ೬೮೭ ದಿನಗಳು. ಆದಕಾರಣ ಅಲ್ಲಿಯೂ ಹಗಲಿರುಳುಗಳು ಭೂಮಿಯಲ್ಲಿರುವಂತೆಯೇ ಇವೆ, ಋತುಗಳೂ ಇವೆ. ಸುಮಾರು ೨೬ ತಿಂಗಳಿಗೊಮ್ಮೆ ಕುಜನು ಸೂರ್ಯನಿಗೆ ಎದುರುಭಾಗದಲ್ಲಿ ನಿಂತು ಭೂಮಿಗೆ ಹತ್ತಿರವಾಗುವನು. ಹದಿನೈದು ಅಥವಾ ಹದಿನೇಳು ವರ್ಷಗಳಿಗೊಮ್ಮೆ ಈ ಸಾಮೀಪ್ಯವು ವಿಶೇಷವಾಗಿರುವುದು. ೧೮೭೭ನೆಯ ಇಸವಿಯು ಅಂತಹ ವರ್ಷಗಳಲ್ಲೊಂದು. ಆ ಆಗಸ್ಟಿನಲ್ಲಿ ವಾಷಿಂಗ್‌ಟನ್ನಿನ ಆಸಫ್ ಹಾಲನು ಕುಜನ ಎರಡು ಉಪಗ್ರಹಗಳನ್ನು ಕಂಡುಹಿಡಿದನು. ಅದೇ ಸಂದರ್ಭದಲ್ಲಿ ಮಿಲಾನ್ ನಗರದ ಬ್ರೇರಾ ವೀಕ್ಷಣಾಲಯದಲ್ಲಿ ಜೊವಾನ್ನಿ ಸ್ಕಿಯಾಪರೆಲ್ಲಿಯು ಆ ಗ್ರಹದ ಭೂಪಟವನ್ನು ರಚಿಸಲು ತೊಡಗಿದನು.

ಸ್ಕಿಯಾಪರೆಲ್ಲಿಯು ಆ ಪಟದಲ್ಲಿ ಕಪ್ಪಾದ ಪ್ರದೇಶಗಳನ್ನು ಕೂಡಿಸುವ ಸೂಕ್ಷ್ಮರೇಖೆಗಳನ್ನು ಗುರುತಿಸಿ, ಅವುಗಳಿಗೆ ‘ಕನಾಲಿ’ ಎಂಬ ಬಹುವಚನಾಂತ ಪದವನ್ನು ಪ್ರಯೋಗಿಸಿದನು. ಈ ಪದವನ್ನು ಕುಜನ ವಿಷಯದಲ್ಲಿ ಮೊದಲು ಬಳಸಿದವನು ಆತನಲ್ಲ. ರೋಮಿನ ಆಂಜೆಲೊ ಸೆಕ್ಕಿ ಎಂಬ ಪಾದ್ರಿಯು ಅದಕ್ಕಿಂತ ಸುಮಾರು ಇಪ್ಪತ್ತು ವರ್ಷಗಳ ಹಿಂದೆಯೇ ಅಲ್ಲಿನ ಒಂದು ಕಪ್ಪುಭಾಗವನ್ನು ಈ ಹೆಸರಿನಿಂದ ನಿರ್ದೇಶಿಸಿದ್ದನು. ಇಟಲಿ ಭಾಷೆಯಲ್ಲಿ ಈ ಪದಕ್ಕೆ ಎರಡರ್ಥಗಳುಂಟು: ನೀರು ತಾನಾಗಿ ಹರಿದು ಮಾಡಿಕೊಂಡ ಪಾತ್ರ ಅಥವಾ ಎರಡು ಭೂಭಾಗಗಳ ನಡುವಣ ಜಲಸಂಧಿ ಎಂಬುದೊಂದು, ಮನುಷ್ಯರು ತೋಡಿದ ಕಾಲುವೆ ಎಂಬುದು ಮತ್ತೊಂದು. ಇಂಗ್ಲಿಷಿನಲ್ಲಿ ಈ ಎರಡಕ್ಕೆ ‘ಚಾನೆಲ್’, ‘ಕೆನಾಲ್’ ಎಂದು ಬೇರೆ ಬೇರೆ ಪದಗಳಿವೆ. ಭಾಷಾಂತರಿಸುವವನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಆರಿಸಿಕೊಂಡುದು ‘ಕೆನಾಲ್’ ಎಂಬುದಾಯಿತು. ೧೮೬೯ರಲ್ಲಿ ಸೂಯೆಜ್ ಕಾಲುವೆಯು ತೆರೆದಿದ್ದಿತು. ಎರಡು ಸಮುದ್ರಗಳನ್ನು ಮನುಷ್ಯಪ್ರಯತ್ನವು ಕೂಡಿಸಿದುದು ಜನರ ಮನಸ್ಸಿನಲ್ಲಿ ಹಸಿಯಾಗಿದ್ದಿತು. ಅಂತಹ ಕಾಲದಲ್ಲಿ ಈ ಪದವನ್ನು ಕೇಳಿದವರಿಗೆ ಗುದ್ದಲಿ ಹಿಡಿದವರ ನೆನಪು ಬಾರದಿರುವುದು ಹೇಗೆ?

ಪದವೇ ಕರ್ತೃವನ್ನು ಒಳಗೊಂಡು ಬರುವ ಈ ರೀತಿಯು ಸಂಸ್ಕೃತ ಬಲ್ಲವರಿಗೆ ಅಪರಿಚಿತವಲ್ಲ. ಅಮರಸಿಂಹನು ತನ್ನ ಕೋಶದಲ್ಲಿ ‘ಕುಲ್ಯಾ’ ಎಂಬುದಕ್ಕೆ ಅರ್ಥ ಹೇಳುವಾಗ, ಅದು ಅಲ್ಪವಾದುದೆಂದಷ್ಟೇ ಅಲ್ಲದೆ ಕೃತ್ರಿಮವಾದ ನದಿಯೆಂದೂ ಸೇರಿಸಿದ್ದಾನೆ. ‘ಕುಲ್ಯೆ’ ಎಂದೊಡನೆ ಅದನ್ನು ಮಾಡಿದವನೊಬ್ಬನು ಅರ್ಥದಲ್ಲಿಯೇ ಸಿದ್ಧನಾಗುತ್ತಾನೆ. ಕನ್ನಡದ ‘ಕಾಲುವೆ’, ‘ನಾಲೆ’ಗಳೂ ಬಳಕೆಯಲ್ಲಿ ಹಾಗೆಯೇ, ಕೆರೆಯ ತೂಬಿನಿಂದ ಗದ್ದೆಗೆ ಹರಿಯುವುದನ್ನು ಕಾಲುವೆಯೆನ್ನುವರು, ಗುಡ್ಡದಿಂದ ತಾನಾಗಿ ಇಳಿಯುವುದನ್ನು ಹಳ್ಳ, ತೊರೆ ಎನ್ನುವರು.

ಇಷ್ಟರಿಂದಲೇ ದೋಷವೆಲ್ಲವೂ ಭಾಷಾಂತರಕಾರನದೆಂದು ನಿರ್ಣಯಿಸುವುದು ವಾಡಿಕೆಯಾಗಿದೆ. ಆದರೆ ಆ ನಿರ್ಣಯವು ಅರ್ಧಸತ್ಯವು. ಸ್ಕಿಯಾಪರೆಲ್ಲಿಯ ಪಟಗಳಲ್ಲಿಯೇ ಆ ರೇಖೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ನೇರವಾಗುತ್ತ ಬಂದವು. ೧೮೭೯ರಲ್ಲಿ ಒಂದು ರೇಖೆಯು ಎರಡಾದುದನ್ನು ಕಂಡೆನೆಂದು ಹೇಳಿದ ಆತನು, ೧೮೮೧–೮೨ರ ವೀಕ್ಷಣೆಯಲ್ಲಿ ಅನೇಕ ರೇಖೆಗಳು ಹಾಗೆ ಜೋಡಿಯಾದುದನ್ನು ವರದಿಮಾಡಿದನು. ಆತನು ೧೮೫೪ರಲ್ಲಿ ಟ್ಯುರಿನ್ನಿನ ವಿಶ್ವವಿದ್ಯಾನಿಲಯದಲ್ಲಿ ಜಲಶಾಸ್ತ್ರಸಂಬಂಧವಾದ ಎಂಜಿನಿಯರಿಂಗನ್ನು ಅಭ್ಯಸಿಸಿ ಪದವಿ ಪಡೆದವನೆಂಬುದೂ ಇಲ್ಲಿ ಸ್ಮರಣೀಯ. ಆದರೂ ಆತನು ಜಾಗರೂಕನು. ೧೮೯೩ರ ಲೇಖನದಲ್ಲಿ, ಈ ರೇಖೆಗಳು ಗ್ರಹದ ಸ್ವಾಭಾವಿಕ ರಚನೆಯಿಂದಲೇ ಉಂಟಾಗಿರಬಹುದೆಂದು ಹೇಳಿ, ಬುದ್ಧಿವಂತರ ಕೃತಿಯೆಂಬ ಪಕ್ಷವನ್ನು ಸಾಧಿಸದೆ, ಅದು ಅಸಂಭವವೆಂದೂ ಹೇಳದೆ ಬಿಟ್ಟನು. ೧೮೯೫ರ ಮತ್ತೊಂದು ಲೇಖನದಲ್ಲಿ ಮಾತ್ರ ಅಲ್ಲಿನ ಜನರು ನೀರನ್ನು ಹೇಗೆ ಹಂಚಿಕೊಳ್ಳುತ್ತಿರಬಹುದೆಂದು ಕಲ್ಪನೆಯನ್ನು ಸಡಿಲಬಿಟ್ಟು ಬರೆದನು. ಹೀಗಿರಲು, ಭಾಷಾಂತರವು ಬಾಗಿಲನ್ನು ತೆರೆಯಿತೆಂಬುದು ನಿಜವಾದರೂ, ಬಾಗಿಲಿನವರೆಗೆ ದಾರಿ ಹಾಕಿದುದು ಮೂಲದ ಚಿತ್ರವೇ ಎಂದು ತಿಳಿಯತಕ್ಕುದು.

ಆ ಬಾಗಿಲಿನಲ್ಲಿ ಒಳಹೊಕ್ಕವರಲ್ಲಿ ಇಬ್ಬರು ಮುಖ್ಯರು. ಫ್ರಾನ್ಸಿನ ಕಮೀಲ್ ಫ್ಲಾಮಾರಿಯೋನನು ೧೮೬೨ರಲ್ಲಿಯೇ ಜನವಾಸವುಳ್ಳ ಲೋಕಗಳ ಬಹುತ್ವವನ್ನು ಕುರಿತು ಗ್ರಂಥ ಬರೆದವನು. ೧೮೯೨ರಲ್ಲಿ ಕುಜನನ್ನು ಕುರಿತ ಅದುವರೆಗಿನ ವೀಕ್ಷಣೆಗಳನ್ನೆಲ್ಲ ಸಂಗ್ರಹಿಸಿ ದೊಡ್ಡದೊಂದು ಸಂಪುಟವನ್ನು ಪ್ರಕಟಿಸಿದನು. ಅಮೆರಿಕದ ಪರ್ಸಿವಲ್ ಲೋವೆಲನು ಶ್ರೀಮಂತನು, ಬಹುಶ್ರುತನು, ಒಳ್ಳೆಯ ಗದ್ಯಲೇಖಕನು. ಆತನು ೧೮೯೪ರಲ್ಲಿ ಆರಿಜೋನ ಪ್ರಾಂತದ ಫ್ಲ್ಯಾಗ್‌ಸ್ಟಾಫಿನಲ್ಲಿ ಸ್ವಂತ ವೆಚ್ಚದಿಂದ ವೀಕ್ಷಣಾಲಯವನ್ನು ಕಟ್ಟಿಸಿ, ೧೮೯೫, ೧೯೦೬, ೧೯೦೮ರಲ್ಲಿ ಮೂರು ಗ್ರಂಥಗಳನ್ನು ಹೊರತಂದನು. ಕುಜನು ವೃದ್ಧನಾದ ಗ್ರಹ. ಅಲ್ಲಿ ನೀರು ಬತ್ತುತ್ತಿದೆ. ಉಳಿದ ನೀರು ಧ್ರುವಗಳ ಹಿಮದಲ್ಲಿದೆ. ಅದನ್ನು ಸಮಭಾಜಕ ಪ್ರದೇಶದ ಹೊಲಗಳಿಗೆ ಒಯ್ಯಲು ಅಲ್ಲಿನ ನಿವಾಸಿಗಳು ಗ್ರಹವನ್ನೆಲ್ಲ ವ್ಯಾಪಿಸುವ ಕಾಲುವೆಗಳನ್ನು ತೋಡಿದ್ದಾರೆ. ದೂರದರ್ಶಕದಲ್ಲಿ ಕಾಣುವುದು ನೀರಲ್ಲ, ಅದರ ಇಕ್ಕೆಲದ ಪೈರು — ಇದು ಆತನ ಸಿದ್ಧಾಂತದ ಸಾರ. ಜನರ ನಂಬಿಕೆಯು ಎಲ್ಲಿಯವರೆಗೆ ಹೋಗಿತ್ತೆಂಬುದಕ್ಕೆ ಒಂದು ನಿದರ್ಶನವುಂಟು. ೧೯೦೦ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮೂಲಕ, ಬೇರೊಂದು ಲೋಕದೊಡನೆ ಸಂದೇಶವ್ಯವಹಾರ ನಡಸಿದವರಿಗೆ ಒಂದು ಲಕ್ಷ ಫ್ರಾಂಕುಗಳ ಬಹುಮಾನವು ಘೋಷಿತವಾಯಿತು. ಅದರಿಂದ ಕುಜಗ್ರಹವನ್ನು ಮಾತ್ರ ಹೊರತುಪಡಿಸಲಾಗಿತ್ತು. ಕುಜನೊಡನೆ ಮಾತನಾಡುವುದು ಬಹು ಸುಲಭವೆಂಬ ಭಾವನೆಯೇ ಅದಕ್ಕೆ ಕಾರಣ!

ಲೋವೆಲನ ವಾದವನ್ನು ನ್ಯಾಯಶಾಸ್ತ್ರದ ಕ್ರಮದಲ್ಲಿಟ್ಟು ನೋಡಿದರೆ ಅದರ ಬಲಾಬಲಗಳು ಸ್ಪಷ್ಟವಾಗುವುವು. ಕುಜನು ಪಕ್ಷ, ಬುದ್ಧಿಮಂತರಾದ ಜೀವಿಗಳುಳ್ಳವನಾಗಿರುವುದು ಸಾಧ್ಯ, ‘ಕನಾಲಿ’ಗಳುಳ್ಳವನಾಗಿರುವುದು ಹೇತು, ಭೂಮಿಯು ದೃಷ್ಟಾಂತ. ಇಲ್ಲಿ ಹೇತುವಿಗೆ ತೋಡಿದ ಕಾಲುವೆಯೆಂದರ್ಥಮಾಡಿದರೆ, ಅಂತಹ ಕಾಲುವೆಗಳು ಕುಜನಲ್ಲಿವೆಯೆಂಬುದೇ ಇನ್ನೂ ಸಿದ್ಧವಾಗಿಲ್ಲ. ಶಬ್ದವು ಕಣ್ಣಿಗೆ ಕಾಣುವುದರಿಂದ ಗುಣವೆಂದು ಸಾಧಿಸಹೊರಟವನ ಹೇತುವಿನಂತೆ ಇದು ಸ್ವರೂಪಾಸಿದ್ಧ. ಬರಿಯ ರೇಖೆ ಅಥವಾ ಜಲಪಾತ್ರವೆಂದರ್ಥಮಾಡಿದರೆ, ಕರ್ತೃವಿಲ್ಲದೆಯೂ ನದಿಗಳೂ ನೆಲದ ಬಿರುಕುಗಳೂ ಇರುವುದರಿಂದ ಹೇತುವು ಅನೈಕಾಂತಿಕ. ಒಂದರ್ಥದಲ್ಲಿ ನುಡಿದುದನ್ನು ಮತ್ತೊಂದರ್ಥದಲ್ಲಿ ಗ್ರಹಿಸುವುದನ್ನು ನೈಯಾಯಿಕರು ವಾಕ್ಛಲವೆನ್ನುವರು. ‘ನವಕಂಬಲ’ನೆಂದರೆ ಹೊಸ ಕಂಬಳಿಯವನೋ ಒಂಬತ್ತು ಕಂಬಳಿಯವನೋ ಎಂಬುದು ಅದಕ್ಕೆ ಪ್ರಸಿದ್ಧವಾದ ಉದಾಹರಣೆ. ಅಲ್ಲಿ ಪ್ರತಿವಾದಿಯು ಬೇಕೆಂದೇ ಅರ್ಥವನ್ನು ತಿರುಗಿಸುವನು. ಕುಜನ ವಿಷಯದಲ್ಲಿ ಯಾರೂ ಬೇಕೆಂದು ತಿರುಗಿಸಲಿಲ್ಲ. ಅದರಿಂದಲೇ ಈ ಛಲವನ್ನು ಹಿಡಿಯುವುದು ಹೆಚ್ಚು ಕಷ್ಟವಾಯಿತು. ಇದರ ಮೇಲೆ ಅನ್ಯೋನ್ಯಾಶ್ರಯವೂ ಸೇರಿತು: ರೇಖೆಗಳು ನೇರವಾಗಿರುವುದರಿಂದ ಜನರಿದ್ದಾರೆ, ಜನರಿರುವುದರಿಂದ ರೇಖೆಗಳು ನೇರವಾಗಿವೆ.

ಆ ಕಾಲದ ವಿದ್ವಾಂಸರೇ ಈ ದೋಷಗಳನ್ನು ಒಂದೊಂದಾಗಿ ತೋರಿಸಿದುದು ಪ್ರಶಂಸಾರ್ಹವಾಗಿದೆ. ಗ್ರೀನಿಚ್ಚಿನ ವಾಲ್ಟರ್ ಮಾಂಡರನು ೧೯೦೩ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಶಾಲೆಯ ಬಾಲಕರ ಮುಂದೆ ಬಿಡಿಬಿಡಿಯಾದ ಚುಕ್ಕೆಗಳೂ ಕಲೆಗಳೂ ಉಳ್ಳ ಚಿತ್ರಗಳನ್ನಿಟ್ಟು, ಕಂಡಂತೆ ಬರೆಯಹೇಳಲಾಯಿತು. ಅತಿ ಸಮೀಪವೂ ಅತಿ ದೂರವೂ ಅಲ್ಲದ ಸ್ಥಾನಗಳಲ್ಲಿ ಕುಳಿತವರಲ್ಲಿ ಅನೇಕರು ಚಿತ್ರದಲ್ಲಿಲ್ಲದ ರೇಖೆಗಳನ್ನು ಎಳೆದರು. ಮಂದಪ್ರಕಾಶದಲ್ಲಿ ಹಗ್ಗವು ಹಾವಾಗಿ ತೋರುವಂತೆ, ಸ್ಪಷ್ಟವಾಗಿ ಕಾಣದ ಕಲೆಗಳನ್ನು ಕಣ್ಣು ಗೆರೆಯಾಗಿ ಕೂಡಿಸುವುದೆಂಬುದು ಸಿದ್ಧವಾಯಿತು. ಜೀವವಿಕಾಸವಾದದಲ್ಲಿ ಡಾರ್ವಿನ್ನನಿಗೆ ಸಮನಾದ ಆಲ್ಫ್ರೆಡ್ ರಸೆಲ್ ವಾಲೆಸನು ೧೯೦೭ರಲ್ಲಿ ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಕುಜನು ಅತಿಶೀತಲನೆಂದೂ ತೆರೆದ ಕಾಲುವೆಗಳಲ್ಲಿ ಅಷ್ಟು ದೂರಕ್ಕೆ ನೀರು ಹರಿಯುವುದು ಅಸಾಧ್ಯವೆಂದೂ ವಾದಿಸುವ ಗ್ರಂಥವನ್ನು ಬರೆದನು. ೧೯೦೯ರಲ್ಲಿ ಯುಜೀನ್ ಆಂಟೋನಿಯಾಡಿಯು ಪ್ಯಾರಿಸ್ ಸಮೀಪದ ಮ್ಯೂದೋನಿನಲ್ಲಿ ೮೩ ಸೆಂಟಿಮೀಟರ್ ವ್ಯಾಸದ ಮಸೂರವುಳ್ಳ ದೂರದರ್ಶಕದಿಂದ, ನಿಶ್ಚಲವಾದ ಆಕಾಶದಲ್ಲಿ ಕುಜನನ್ನು ನೋಡಿದಾಗ, ರೇಖೆಗಳಿದ್ದೆಡೆಯಲ್ಲಿ ಅಸಂಖ್ಯವಾದ ಒರಟು ಕಲೆಗಳೇ ಕಂಡುವು.

ಶಾಸ್ತ್ರಜ್ಞರಲ್ಲಿ ವಾದವು ಕುಗ್ಗಿದರೂ ಲೋಕದಲ್ಲಿ ನಂಬಿಕೆಯು ಅಳಿಯಲಿಲ್ಲ. ಎಚ್. ಜಿ. ವೆಲ್ಸನು ೧೮೯೮ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಕಾದಂಬರಿಯಲ್ಲಿ ಕುಜನಿವಾಸಿಗಳು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದಿದ್ದರು. ೧೯೩೮ರ ಅಕ್ಟೋಬರ್ ೩೦ರಂದು ಅದರ ರೇಡಿಯೋ ರೂಪಾಂತರವನ್ನು ಅಮೆರಿಕದಲ್ಲಿ ಕೇಳಿದವರಲ್ಲಿ ಕೆಲವರು ಅದನ್ನು ನಿಜವಾದ ವಾರ್ತೆಯೆಂದೇ ಭ್ರಮಿಸಿದರು. ಸಂಶಯವು ಪೂರ್ಣವಾಗಿ ತೀರಿದುದು ಯಂತ್ರವೇ ಅಲ್ಲಿಗೆ ಹೋದ ಮೇಲೆ. ೧೯೬೫ರ ಜುಲೈ ತಿಂಗಳಲ್ಲಿ ಅಮೆರಿಕದ ‘ಮ್ಯಾರಿನರ್ ೪’ ಎಂಬ ನೌಕೆಯು ಕುಜನ ಪಕ್ಕದಲ್ಲಿ ಹಾದುಹೋಗಿ ಕಳುಹಿಸಿದ ಚಿತ್ರಗಳಲ್ಲಿ, ಚಂದ್ರನಲ್ಲಿರುವಂತಹ ಕುಳಿಗಳು ಕಂಡುವು. ಕಾಲುವೆಗಳಾಗಲಿ ಹೊಲಗಳಾಗಲಿ ಕಾಣಲಿಲ್ಲ. ಅಲ್ಲಿನ ವಾಯುವಿನ ಒತ್ತಡವು ಭೂಮಿಯದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆಯೆಂದು ತಿಳಿದುಬಂದಿತು. ಆದರೆ ೧೯೭೧ರಲ್ಲಿ ಕುಜನನ್ನು ಸುತ್ತಲು ತೊಡಗಿದ ‘ಮ್ಯಾರಿನರ್ ೯’ ಎಂಬ ನೌಕೆಯು ಮತ್ತೊಂದು ಆಶ್ಚರ್ಯವನ್ನು ತೋರಿಸಿತು: ಪೂರ್ವಕಾಲದಲ್ಲಿ ನೀರು ಹರಿದು ಕೊರೆದ, ಈಗ ಒಣಗಿರುವ ಪಾತ್ರಗಳು. ಇವು ಸ್ಕಿಯಾಪರೆಲ್ಲಿಯ ರೇಖೆಗಳೊಡನೆ ಬಹುಮಟ್ಟಿಗೆ ಹೊಂದುವುದಿಲ್ಲ. ಆದರೂ ಆತನ ಪದದ ಮೊದಲನೆಯ ಅರ್ಥವು, ಯಾರೂ ನಿರೀಕ್ಷಿಸದಿದ್ದ ರೀತಿಯಲ್ಲಿ, ಕುಜನಲ್ಲಿ ಸಾರ್ಥಕವಾಯಿತು.

ಇನ್ನು ಉಳಿದ ಪ್ರಶ್ನೆಯು ಇದು: ಕಾಲುವೆಗಳಿಲ್ಲವೆಂಬುದರಿಂದ ಜೀವವೇ ಇಲ್ಲವೆಂದು ಸಿದ್ಧಿಸುವುದೇ? ಒಂದು ಹೇತುವು ದುಷ್ಟವಾದರೆ ಸಾಧ್ಯವು ಸಿದ್ಧವಾಗಲಿಲ್ಲವೆಂದಷ್ಟೇ ಹೇಳಬಹುದಲ್ಲದೆ, ಅದರ ಅಭಾವವು ಸಿದ್ಧವಾಯಿತೆಂದು ಹೇಳಲಾಗದು. ಅಭಾವವನ್ನು ತಿಳಿಸುವುದು ಬರಿಯ ಅನುಪಲಬ್ಧಿಯಲ್ಲ, ಯೋಗ್ಯಾನುಪಲಬ್ಧಿ. ಬೆಳಕಿರುವ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿರುವುದು ಏನನ್ನೂ ಸಾಧಿಸದು. ೧೯೭೬ರಲ್ಲಿ ಕುಜನ ಮೇಲಿಳಿದ ಎರಡು ‘ವೈಕಿಂಗ್’ ನೌಕೆಗಳು ಅಲ್ಲಿನ ಮಣ್ಣನ್ನು ಪರೀಕ್ಷಿಸಿದಾಗ ಜೀವವಿದೆಯೆಂಬುದಕ್ಕೆ ಸರ್ವಸಮ್ಮತವಾದ ಪ್ರಮಾಣವು ದೊರೆಯಲಿಲ್ಲ. ಎರಡು ಸ್ಥಳಗಳ ಮೇಲ್ಮಣ್ಣಿನಲ್ಲಿ ಕಾಣದಿದ್ದುದು ಯೋಗ್ಯಾನುಪಲಬ್ಧಿಯೇ ಎಂಬ ಸಂಶಯದಿಂದಲೇ ಮುಂದಿನ ಶೋಧನೆಗಳೆಲ್ಲ ಹೊರಟಿವೆ. ಭಾರತವು ೨೦೧೩ರ ನವೆಂಬರ್ ೫ರಂದು ಶ್ರೀಹರಿಕೋಟೆಯಿಂದ ಕಳುಹಿಸಿದ ಮಂಗಳಯಾನವು ೨೦೧೪ರ ಸೆಪ್ಟೆಂಬರ್ ೨೪ರಂದು ಕುಜನ ಕಕ್ಷೆಯನ್ನು ಸೇರಿತು. ಬೆಂಗಳೂರಿನಿಂದಲೇ ಅದರ ನಿಯಂತ್ರಣವು ನಡೆಯಿತು. ಭೂಮಿಯಲ್ಲಿ ಬಹುಭಾಗ ಜೀವಿಗಳಿಂದ ಉಂಟಾಗುವ ಮೀಥೇನ್ ಅನಿಲವನ್ನು ಹುಡುಕುವ ಉಪಕರಣವೂ ಅದರಲ್ಲಿದ್ದಿತು. ಕಾಲುವೆ ತೋಡುವವರನ್ನು ಹುಡುಕುತ್ತಿದ್ದ ವಿದ್ಯೆಯು ಹೀಗೆ ಅಣುಮಾತ್ರವಾದ ಜೀವಿಯ ಉಸಿರನ್ನು ಹುಡುಕುವಷ್ಟು ವಿನಯವನ್ನು ಕಲಿತಿತು.

ವಿಜ್ಞಾನದ ಪರಿಭಾಷೆಯನ್ನು ಕನ್ನಡಕ್ಕೆ ತರುವವರು ಈ ಚರಿತ್ರೆಯಲ್ಲಿ ಗಮನಿಸಬೇಕಾದುದೊಂದುಂಟು. ಕಂಡ ವಸ್ತುವಿಗೆ ಹೆಸರಿಡುವಾಗ, ಕಂಡುದಕ್ಕಿಂತ ಹೆಚ್ಚಿನದನ್ನು ಹೇಳುವ ಪದವನ್ನಿಟ್ಟರೆ, ಆ ಹೆಚ್ಚಿನ ಭಾಗವು ಪರೀಕ್ಷೆಗೊಳಗಾಗದೆಯೇ ಸಿದ್ಧಾಂತದೊಳಕ್ಕೆ ನುಸುಳುವುದು. ಕುಜನ ರೇಖೆಗಳನ್ನು ರೇಖೆಗಳೆಂದೇ ಕರೆದಿದ್ದರೆ ಲೋವೆಲನಿಗೆ ತನ್ನ ಕಾಲುವೆಗಳನ್ನು ಮೊದಲು ಸಾಧಿಸಿ, ಅನಂತರ ಅವುಗಳಿಂದ ಜನರನ್ನು ಸಾಧಿಸಬೇಕಾಗುತ್ತಿತ್ತು. ಪದವು ಮೊದಲನೆಯ ಶ್ರಮವನ್ನು ಉಳಿಸಿಕೊಟ್ಟಿತು. ಆ ಉಳಿತಾಯದ ಬೆಲೆಯನ್ನು ತೆರುವುದಕ್ಕೆ ಜ್ಯೋತಿಶ್ಶಾಸ್ತ್ರಕ್ಕೆ ೧೮೭೭ರಿಂದ ೧೯೬೫ರವರೆಗೆ ೮೮ ವರ್ಷಗಳು ಬೇಕಾದವು.