ಹಂಗೇರಿಯ ಕುಮನ್ನರು: ಹುಲ್ಲುಗಾವಲು, ದೀಕ್ಷೆ ಮತ್ತು ರಾಜಸತ್ತೆ

ಡಾನ್ಯೂಬ್ ನದಿಯ ಕೆಳದಂಡೆಯಿಂದ ಈಗಿನ ಕಜಾಕ್‌ಸ್ತಾನದವರೆಗೆ ಹಬ್ಬಿದ ಹುಲ್ಲುಗಾವಲನ್ನು ಪರ್ಷಿಯನ್ ಗ್ರಂಥಕಾರರು ದಶ್ತ್-ಇ-ಕಿಪ್ಚಾಕ್ ಎಂದು ಕರೆದರು. ಹನ್ನೊಂದನೆಯ ಶತಮಾನದ ನಡುಭಾಗದಿಂದ ಮಂಗೋಲರ ಆಗಮನದವರೆಗೆ ಈ ಬಯಲನ್ನು ಆಳಿದವರು ತುರ್ಕಿ ಭಾಷೆಯ ಪಶುಪಾಲಕ ಕುಲಗಳು. ರುಸ್ ನಾಡಿನವರು ಇವರನ್ನು ಪೊಲೊವ್ತ್ಸಿ ಎಂದರು, ಗ್ರೀಕ್ ಮತ್ತು ಲ್ಯಾಟಿನ್ ಬರಹಗಾರರು ಕುಮನ್ನರು ಎಂದರು. ಇವರಿಗೆ ರಾಜಧಾನಿಯಿರಲಿಲ್ಲ, ಒಬ್ಬನೇ ಅರಸನೂ ಇರಲಿಲ್ಲ. ಕುಲಕ್ಕೊಬ್ಬ ನಾಯಕ, ಅವನ ಹಿಂದೆ ಕುದುರೆ ಸವಾರರಾದ ಬಿಲ್ಲುಗಾರರು. 1068ರಲ್ಲಿ ಇವರು ಆಲ್ತಾ ನದಿಯ ಬಳಿ ರುಸ್ ರಾಜಕುಮಾರರನ್ನು ಸೋಲಿಸಿದರು. 1091ರಲ್ಲಿ ಬೈಜಾಂಟೈನ್ ಚಕ್ರವರ್ತಿ ಮೊದಲನೆಯ ಅಲೆಕ್ಸಿಯೋಸ್‌ನ ಪರವಾಗಿ ಲೆವೂನಿಯನ್‌ನಲ್ಲಿ ಪೆಚೆನೆಗರ ದಂಡನ್ನು ನಾಶಮಾಡಿದರು. ಇದೇ ಬಯಲಿನಿಂದ ಗುಲಾಮರಾಗಿ ಮಾರಾಟವಾದ ಹುಡುಗರಲ್ಲಿ ಕೆಲವರು ಮುಂದೆ ಕೈರೋ ಮತ್ತು ದೆಹಲಿಯ ಸಿಂಹಾಸನ ಏರಿದರು. ಈಜಿಪ್ಟಿನ ಬೈಬರ್ಸ್ ಕಿಪ್ಚಾಕ್ ಮೂಲದವನು. ದೆಹಲಿಯ ಇಲ್ತುತ್ಮಿಷ್ ಮತ್ತು ಬಲ್ಬನ್ ತಮ್ಮನ್ನು ಇಲ್ಬರಿ ಕುಲದವರೆಂದು ಹೇಳಿಕೊಂಡರು.

ಕುಮನ್ನರ ನೆರೆಯ ಕ್ರೈಸ್ತ ರಾಜ್ಯಗಳಲ್ಲಿ ಅವರೊಂದಿಗೆ ಅತ್ಯಂತ ಆಳವಾಗಿ ಹೆಣೆದುಕೊಂಡದ್ದು ಹಂಗೇರಿ. ಮೊದಲಿಗೆ ಅದು ಆಯುಧವನ್ನೇ ನೆಚ್ಚಿತು. 1211ರಲ್ಲಿ ಎರಡನೆಯ ಆಂಡ್ರೂ ತನ್ನ ಆಗ್ನೇಯ ಗಡಿಯನ್ನು ಕುಮನ್ನರಿಂದ ಕಾಯಲು ಟ್ಯೂಟಾನಿಕ್ ಯೋಧಸಂಘಕ್ಕೆ ಟ್ರಾನ್ಸಿಲ್ವೇನಿಯಾದ ಅಂಚಿನಲ್ಲಿ ನೆಲ ಕೊಟ್ಟ. ಆ ಸಂಘ ಪೋಪರ ನೆರಳಿನಲ್ಲಿ ಸ್ವತಂತ್ರವಾಗಲು ಹೊರಟಾಗ, 1225ರಲ್ಲಿ ಅದನ್ನು ಹೊರಗಟ್ಟಿದ. ಅಷ್ಟರಲ್ಲಿ ಹುಲ್ಲುಗಾವಲಿನ ಸ್ಥಿತಿಯೇ ಬದಲಾಗಿತ್ತು. 1223ರಲ್ಲಿ ಕಾಲ್ಕಾ ನದಿಯ ಬಳಿ ಮಂಗೋಲ್ ಸೇನಾನಿಗಳಾದ ಜೆಬೆ ಮತ್ತು ಸುಬುತಾಯ್ ಕುಮನ್ ಹಾಗೂ ರುಸ್ ಸೇನೆಗಳನ್ನು ಒಟ್ಟಿಗೇ ಸದೆಬಡಿದಿದ್ದರು. ನಾಲ್ಕು ವರ್ಷಗಳ ನಂತರ, 1227ರಲ್ಲಿ, ಬೊರ್ಚ್ ಎಂಬ ಕುಮನ್ ನಾಯಕ ಎಸ್ಟರ್‌ಗೋಮ್‌ನ ಆರ್ಚ್‌ಬಿಷಪ್ ರಾಬರ್ಟ್‌ನಿಂದ ದೀಕ್ಷಾಸ್ನಾನ ಪಡೆದ. ಮರುವರ್ಷ ಕುಮಾನಿಯಾಕ್ಕೆ ಡೊಮಿನಿಕನ್ ಪಂಥದ ಬಿಷಪ್ ನೇಮಕವಾಯಿತು, ಹಂಗೇರಿಯ ಅರಸರು ತಮ್ಮ ಬಿರುದುಗಳಿಗೆ 'ಕುಮಾನಿಯಾದ ರಾಜ' ಎಂಬುದನ್ನೂ ಸೇರಿಸಿಕೊಂಡರು. ಈ ಮತಾಂತರವನ್ನು ಡೊಮಿನಿಕನ್ನರ ಉಪದೇಶದ ಫಲವೆಂದಷ್ಟೇ ಓದುವುದು ಸರಿಯಾಗದು. ಕಾಲ್ಕಾದ ನಂತರ ಕುಮನ್ ನಾಯಕರಿಗೆ ಬೆನ್ನಿಗೊಬ್ಬ ಬಲಶಾಲಿ ಬೇಕಿದ್ದ, ದೀಕ್ಷೆ ಆ ಆಶ್ರಯದ ಬಾಗಿಲಾಗಿತ್ತು.

1239ರಲ್ಲಿ ಕೋತೆನ್ ಎಂಬ ನಾಯಕ, ಬತು ಖಾನನ ಸೇನೆಯ ಮುಂದೆ ನಿಲ್ಲಲಾಗದೆ, ತನ್ನ ಜನರೊಂದಿಗೆ ಹಂಗೇರಿಯ ಗಡಿಗೆ ಬಂದ. ಅವನೊಂದಿಗೆ ಕುಟುಂಬಗಳನ್ನು ಬಿಟ್ಟು ಸುಮಾರು 40,000 ಮಂದಿ ಇದ್ದರೆಂದು ಪಾದ್ರಿ ರೊಗೇರಿಯಸ್ ಬರೆದಿದ್ದಾನೆ. ಮಧ್ಯಯುಗದ ಇಂಥ ಸಂಖ್ಯೆಗಳನ್ನು ಅಕ್ಷರಶಃ ನಂಬಬೇಕಿಲ್ಲವಾದರೂ ಅದೊಂದು ದೊಡ್ಡ ವಲಸೆಯೆಂಬುದು ನಿಶ್ಚಯ. ನಾಲ್ಕನೆಯ ಬೇಲಾ ದೀಕ್ಷೆಯ ಷರತ್ತಿನ ಮೇಲೆ ಅವರನ್ನು ಒಳಗೆ ಬಿಟ್ಟುಕೊಂಡ. ಅವನಿಗೆ ಅವರ ಅಗತ್ಯವೂ ಇತ್ತು. ತಂದೆ ಆಂಡ್ರೂ ಹಂಚಿದ್ದ ರಾಜಭೂಮಿಯನ್ನು ಮರಳಿ ಪಡೆಯುವ ಕೆಲಸಕ್ಕೆ ಕೈಹಾಕಿ, ತನ್ನ ಮುಂದೆ ಶ್ರೀಮಂತರು ಕೂರದಂತೆ ಅವರ ಆಸನಗಳನ್ನೇ ಸುಡಿಸಿದ ರಾಜನಿಗೆ, ಆ ಶ್ರೀಮಂತರ ಹಂಗಿಲ್ಲದ ಸೈನ್ಯವೊಂದು ಕೈಗೆ ಸಿಕ್ಕಿತ್ತು.

ಹೊರೆ ಬಿದ್ದದ್ದು ರೈತರ ಮೇಲೆ. ಕುಮನ್ನರ ಹಿಂಡುಗಳು ಹುಲ್ಲುಗಾವಲನ್ನೂ ಬೆಳೆಯನ್ನೂ ತೋಟಗಳನ್ನೂ ತುಳಿದವು. ದೂರು ಕೊಟ್ಟರೆ ರಾಜನ ನ್ಯಾಯ ಕುಮನ್ನರ ಕಡೆಗೇ ವಾಲುತ್ತದೆಂಬ ಅಸಮಾಧಾನ ಬೆಳೆಯಿತು. ರಾಜನಿಗೂ ಪ್ರಜೆಗಳಿಗೂ ನಡುವೆ ಹುಟ್ಟಿದ ದ್ವೇಷದ ಕಾರಣಗಳಲ್ಲಿ ರೊಗೇರಿಯಸ್ ಇದನ್ನೂ ಎಣಿಸುತ್ತಾನೆ. ಅತ್ತ ಮಂಗೋಲರು ಕುಮನ್ನರನ್ನು ತಮ್ಮ ಓಡಿಹೋದ ಗುಲಾಮರೆಂದು ಕರೆದು, ಅವರನ್ನು ಇಟ್ಟುಕೊಳ್ಳಬಾರದೆಂದು ಬೇಲಾನಿಗೆ ಎಚ್ಚರಿಕೆ ಕಳಿಸಿದ್ದರು. 1241ರ ವಸಂತದಲ್ಲಿ ಮಂಗೋಲ್ ಸೇನೆ ನಾಡಿನೊಳಗೆ ನುಗ್ಗಿದಾಗ, ಕುಮನ್ನರು ಶತ್ರುವಿನ ಗೂಢಚಾರರೆಂಬ ಸುದ್ದಿ ಹಬ್ಬಿ, ಪೆಸ್ಟ್‌ನಲ್ಲಿ ಕೋತೆನ್‌ನನ್ನು ಕೊಲ್ಲಲಾಯಿತು. ಯಾವ ಶತ್ರುವಿನಿಂದ ತಪ್ಪಿಸಿಕೊಳ್ಳಲು ಬಂದಿದ್ದನೋ ಅವನ ಪರವೆಂಬ ಆರೋಪಕ್ಕೇ ಅವನು ಬಲಿಯಾದ. ಅವನ ಜನ ದಾರಿಯುದ್ದಕ್ಕೂ ಹಳ್ಳಿಗಳನ್ನು ಸುಡುತ್ತ ಬಲ್ಗೇರಿಯಾದತ್ತ ಹೊರಟುಹೋದರು. ಮಂಗೋಲರ ಯುದ್ಧತಂತ್ರವನ್ನು ಬಲ್ಲ ಏಕೈಕ ಪಡೆಯನ್ನು ಕಳೆದುಕೊಂಡ ಹಂಗೇರಿ ಏಪ್ರಿಲ್ 11ರಂದು ಶಾಯೋ ನದಿಯ ದಡದ ಮೋಹಿಯಲ್ಲಿ ನೆಲಕಚ್ಚಿತು.

ಮಂಗೋಲರು 1242ರಲ್ಲಿ ಹಿಂದಿರುಗಿದ ಮೇಲೆ, ಕೆಲವೇ ವರ್ಷಗಳಲ್ಲಿ, ಬೇಲಾ ಕುಮನ್ನರನ್ನು ಮತ್ತೆ ಕರೆಸಿಕೊಂಡ. ಜನರಿಲ್ಲದೆ ಬರಿದಾಗಿದ್ದ ಡಾನ್ಯೂಬ್ ಮತ್ತು ಟಿಸಾ ನದಿಗಳ ನಡುವಿನ ಬಯಲಿನಲ್ಲೂ ಟಿಸಾದ ಆಚೆಗೂ ಅವರು ನೆಲೆಸಿದರು. ತನ್ನ ಮಗ ಸ್ಟೀಫನ್‌ಗೆ ಕುಮನ್ ನಾಯಕನ ಮಗಳನ್ನು ತಂದುಕೊಂಡ. ದೀಕ್ಷೆಯ ನಂತರ ಅವಳ ಹೆಸರು ಎಲಿಜಬೆತ್. ಆ ಸಂಬಂಧದ ವೇಳೆ ಕುಮನ್ ಪ್ರಮುಖರು ಕತ್ತಿಯಿಂದ ಎರಡಾಗಿ ಕಡಿದ ನಾಯಿಯ ಮೇಲೆ ಆಣೆಯಿಟ್ಟು ನಿಷ್ಠೆ ಘೋಷಿಸಿದರು. ಇಂಥದೇ ಆಚರಣೆ ಕಾನ್‌ಸ್ಟಾಂಟಿನೋಪಲ್‌ನ ಲ್ಯಾಟಿನ್ ಚಕ್ರವರ್ತಿಯ ಜನರಿಗೂ ಕುಮನ್ನರಿಗೂ ನಡುವೆ ನಡೆದದ್ದನ್ನು ಫ್ರೆಂಚ್ ಬರಹಗಾರ ಜ್ವಾನ್‌ವಿಲ್ ದಾಖಲಿಸಿದ್ದಾನೆ. ಕ್ರೈಸ್ತ ಅರಸರು ಈ ಆಣೆಗಳನ್ನು ಒಪ್ಪಿಕೊಂಡದ್ದು ಗಮನಾರ್ಹ. ಕುಮನ್ನರ ಮಾತು ಅವರ ಸಂಪ್ರದಾಯದಲ್ಲೇ ಕಟ್ಟಿದರೆ ಮಾತ್ರ ಗಟ್ಟಿಯೆಂದು ಅರಸರು ಬಲ್ಲವರಾಗಿದ್ದರು.

ಸ್ಟೀಫನ್ ಮತ್ತು ಎಲಿಜಬೆತ್‌ರ ಮಗ ನಾಲ್ಕನೆಯ ಲಾಸ್ಲೊ 1272ರಲ್ಲಿ, ಹತ್ತು ವರ್ಷದ ಬಾಲಕನಾಗಿ, ಪಟ್ಟಕ್ಕೆ ಬಂದ. ಶ್ರೀಮಂತ ಮನೆತನಗಳು ರಾಜ್ಯವನ್ನು ಹರಿದು ಹಂಚಿಕೊಳ್ಳುತ್ತಿದ್ದಾಗ ಅವನು ನೆಚ್ಚಬಹುದಾಗಿದ್ದದ್ದು ತಾಯಿಯ ಕಡೆಯವರನ್ನು. 1278ರಲ್ಲಿ ಡ್ಯುರ್ನ್‌ಕ್ರುಟ್‌ನಲ್ಲಿ ಹ್ಯಾಪ್ಸ್‌ಬರ್ಗ್‌ನ ರುಡಾಲ್ಫ್ ಬೊಹೀಮಿಯಾದ ಒಟ್ಟೊಕಾರ್‌ನನ್ನು ಗೆದ್ದದ್ದರಲ್ಲಿ ಲಾಸ್ಲೊನ ಕುಮನ್ ಬಿಲ್ಲುಗಾರರ ಪಾಲು ದೊಡ್ಡದು. ಮರುವರ್ಷ ಪೋಪ್ ಮೂರನೆಯ ನಿಕೋಲಸನ ಪ್ರತಿನಿಧಿಯಾಗಿ ಫೆರ್ಮೊದ ಬಿಷಪ್ ಫಿಲಿಪ್ ಹಂಗೇರಿಗೆ ಬಂದ. ಅವನ ಒತ್ತಡದಿಂದ 1279ರ ಬೇಸಿಗೆಯಲ್ಲಿ ಕುಮನ್ನರ ಕುರಿತ ಶಾಸನ ಹೊರಬಿತ್ತು. ವಿಗ್ರಹಾರಾಧನೆ ಬಿಡಬೇಕು, ಗುಡಾರ ಮತ್ತು ಉಣ್ಣೆಕಂಬಳಿಯ ಮನೆಗಳನ್ನು ತೊರೆದು ಹಳ್ಳಿಗಳಲ್ಲಿ ನೆಲೆಸಬೇಕು, ಕ್ರೈಸ್ತ ಸೆರೆಯಾಳುಗಳನ್ನು ಬಿಡಬೇಕು, ಮಠಗಳಿಂದಲೂ ಕುಲೀನರಿಂದಲೂ ಹಿಡಿದುಕೊಂಡ ಭೂಮಿಯನ್ನು ಮರಳಿಸಬೇಕು. ತಲೆ ಬೋಳಿಸುವ, ಗಡ್ಡ ಕತ್ತರಿಸುವ ರೂಢಿ ಮತ್ತು ಉಡುಪಿನ ವಿಷಯದಲ್ಲಿ ಮಾತ್ರ ರಿಯಾಯಿತಿ ದೊರೆಯಿತು. ಆಗಸ್ಟ್ 10ರ ಎರಡನೆಯ ಶಾಸನದಲ್ಲಿ ಏಳು ಕುಲಗಳ ಉಲ್ಲೇಖವಿದೆ, ಆದರೆ ಅದರ ಪಠ್ಯದ ನೈಜತೆಯನ್ನು ಕೆಲವು ಇತಿಹಾಸಕಾರರು ಪ್ರಶ್ನಿಸಿದ್ದಾರೆ.

ಗುಡಾರದ ಮೇಲೆ ಚರ್ಚಿಗೆ ಇಷ್ಟು ಕಣ್ಣೇಕೆ? ಅಲೆಯುವವನಿಗೆ ಪ್ಯಾರಿಷ್ ಇಲ್ಲ. ಪ್ಯಾರಿಷ್ ಇಲ್ಲದೆಡೆ ದಶಾಂಶ ತೆರಿಗೆಯಿಲ್ಲ, ಪಾಪನಿವೇದನೆಯಿಲ್ಲ, ಮದುವೆಯ ಮೇಲೆ ಹಿಡಿತವಿಲ್ಲ. ರಾಜನ ಲೆಕ್ಕ ಇದಕ್ಕೆ ತದ್ವಿರುದ್ಧ. ಹಿಂಡು ಮತ್ತು ಕುದುರೆಯ ಬದುಕೇ ಕುಮನ್ನನನ್ನು ಯೋಧನನ್ನಾಗಿ ಮಾಡಿತ್ತು, ಸ್ಥಳೀಯ ಸಮಾಜದಿಂದ ದೂರವಿದ್ದದ್ದೇ ಅವನ ರಾಜನಿಷ್ಠೆಯನ್ನು ಉಳಿಸಿತ್ತು. ಶಾಸನವನ್ನು ಪೂರ್ತಿ ಜಾರಿಗೆ ತಂದರೆ ಲಾಸ್ಲೊ ತನ್ನ ಸೈನ್ಯವನ್ನೇ ಕರಗಿಸಿಕೊಳ್ಳುತ್ತಿದ್ದ. ಅವನ ಚಂಚಲ ಸ್ವಭಾವವನ್ನು ಸಮಕಾಲೀನ ಪಾದ್ರಿಗಳು ಬಹಳ ದೂರಿದ್ದಾರೆ, ಆದರೆ ಅವನನ್ನು ಹಿಂಡಿದ ಮುಖ್ಯ ಸಂಕಟ ಇದೇ.

ಶಾಸನ ಜಾರಿಯಾಗದಿದ್ದಾಗ ಫಿಲಿಪ್ ರಾಜನನ್ನು ಬಹಿಷ್ಕರಿಸಿದ. 1280ರ ಆರಂಭದಲ್ಲಿ ಲಾಸ್ಲೊ ಆ ಧರ್ಮಪ್ರತಿನಿಧಿಯನ್ನೇ ಹಿಡಿಸಿ ಕುಮನ್ನರ ವಶಕ್ಕೆ ಕೊಟ್ಟ. ಪ್ರತಿಯಾಗಿ ಟ್ರಾನ್ಸಿಲ್ವೇನಿಯಾದ ಅಧಿಪತಿ ಫಿಂಟಾ ರಾಜನನ್ನು ಬಂಧಿಸಿದ. ರಾಜಿಯಾದ ನಂತರ ಲಾಸ್ಲೊ ಬಂಡೆದ್ದ ಕುಮನ್ನರ ಮೇಲೇ ದಂಡೆತ್ತಿ ಹೋಗಬೇಕಾಯಿತು. 1282ರಲ್ಲಿ ಹೋಡ್ ಸರೋವರದ ಬಳಿ ನಡೆದ ಕದನದಲ್ಲಿ ಸುರಿದ ಮಳೆ ಬಿಲ್ಲುಗಳನ್ನು ನಿರುಪಯುಕ್ತಗೊಳಿಸಿತು. ಸೋತವರಲ್ಲಿ ಹಲವರು ಗಡಿ ದಾಟಿ ಹೋದರು. ಆಮೇಲೂ ಅವನು ಆಂಜುವಿನ ರಾಜವಂಶದ ತನ್ನ ರಾಣಿಯನ್ನು ದೂರವಿಟ್ಟು ಕುಮನ್ನರ ನಡುವೆಯೇ ಬದುಕಿದ. 1290ರ ಜುಲೈ 10ರಂದು ಕೊರೊಶ್‌ಸೆಗ್ ಕೋಟೆಯ ಬಳಿ ಅವನನ್ನು ಕೊಂದವರೂ ಕುಮನ್ನರೇ. ಅವನು ಕ್ರೈಸ್ತನಾಗಿ ಸತ್ತನೇ ಎಂದು ತಿಳಿಯಲು ಪೋಪ್ ನಾಲ್ಕನೆಯ ನಿಕೋಲಸ್ ವಿಚಾರಣೆಗೆ ಆಜ್ಞಾಪಿಸಿದ.

ಶಾಸನದಿಂದಾಗದ ಬದಲಾವಣೆ ನಿಧಾನವಾಗಿ ನೆಲದ ಒಡೆತನದ ಮೂಲಕ ಬಂತು. ಡಾನ್ಯೂಬ್–ಟಿಸಾ ಬಯಲಿನ ಕುಮನ್ ನಾಯಕರ ಗೋರಿಗಳಲ್ಲಿ ಕುದುರೆ ಮತ್ತು ಆಯುಧಗಳ ಜೊತೆಗೆ ಪಾಶ್ಚಾತ್ಯ ಶೈಲಿಯ ನಡುಪಟ್ಟಿಗಳೂ ದೊರೆತಿವೆ. ಕೀಗ್ಯೋಶ್‌ಪುಸ್ತಾದಲ್ಲಿ ಸಿಕ್ಕ ಪಟ್ಟಿಯ ಮೇಲೆ ಕಾದಾಡುವ ನೈಟ್‌ಗಳ ಚಿತ್ರವೂ ಕ್ರೈಸ್ತ ಸಂತರ ಹೆಸರುಗಳೂ ಇವೆ. ಹದಿನಾಲ್ಕನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಅವರ ನಡುವೆ ಕೆಲಸ ಮಾಡಿದರು. ವೆನಿಸ್‌ನ ಗ್ರಂಥಾಲಯದಲ್ಲಿರುವ 'ಕೋಡೆಕ್ಸ್ ಕುಮಾನಿಕುಸ್' ಎಂಬ ಹಸ್ತಪ್ರತಿಯಲ್ಲಿ ಕುಮನ್ ಭಾಷೆಯ ಪದಕೋಶದೊಂದಿಗೆ ಕ್ರೈಸ್ತ ಪ್ರಾರ್ಥನೆಗಳೂ ಇವೆ, ಆದರೆ ಅದು ಸಿದ್ಧವಾದದ್ದು ಕಪ್ಪು ಸಮುದ್ರದ ಕಡೆಯ ವರ್ತಕರ ಮತ್ತು ಮಿಷನರಿಗಳ ಬಳಕೆಗೆ. ಹದಿನೈದನೆಯ ಶತಮಾನದ ಹೊತ್ತಿಗೆ ಹಂಗೇರಿಯಲ್ಲಿ ಕುಲಗಳ ಜಾಗವನ್ನು ಪ್ರಾದೇಶಿಕ ನ್ಯಾಯಪೀಠಗಳು ಹಿಡಿದಿದ್ದವು.

ಭಾಷೆ ಅಳಿದ ಮೇಲೂ ಹಕ್ಕುಗಳು ಉಳಿದವು. 1702ರಲ್ಲಿ ಹ್ಯಾಪ್ಸ್‌ಬರ್ಗ್ ಅರಸ ಮೊದಲನೆಯ ಲಿಯೋಪೋಲ್ಡ್ ಕುಮನ್ನರ ಮತ್ತು ಅವರ ನೆರೆಯ ಯಾಸ್ ಜನರ ಪ್ರದೇಶಗಳನ್ನು ಟ್ಯೂಟಾನಿಕ್ ಸಂಘಕ್ಕೇ ಮಾರಿದ. 1745ರಲ್ಲಿ ಅಲ್ಲಿನ ನಿವಾಸಿಗಳು 5,00,000ಕ್ಕೂ ಹೆಚ್ಚು ಫೊರಿಂಟ್ ಒಟ್ಟುಗೂಡಿಸಿ, ಮಾರಿಯಾ ತೆರೇಸಾಳ ಅನುಮತಿಯಿಂದ ತಮ್ಮ ಸ್ವಾತಂತ್ರ್ಯವನ್ನು ತಾವೇ ಬಿಡಿಸಿಕೊಂಡರು. ಅವರ ಪ್ರತ್ಯೇಕ ಆಡಳಿತ ಜಿಲ್ಲೆ 1876ರವರೆಗೆ ನಡೆಯಿತು.