ಜಾರ್ಜ್ ಹೆರಿಮನ್ ಮತ್ತು ಆತನ ಕ್ರೇಜಿ ಕ್ಯಾಟ್

ವೃತ್ತಪತ್ರಿಕೆಯ ವಿನೋದಚಿತ್ರಕ್ಕೆ ಸಾಮಾನ್ಯವಾಗಿ ಒಂದೇ ದಿನದ ಆಯುಸ್ಸು. ಅಮೆರಿಕದ ಜಾರ್ಜ್ ಹೆರಿಮನ್ನನ ‘ಕ್ರೇಜಿ ಕ್ಯಾಟ್’ ಎಂಬ ಚಿತ್ರಮಾಲಿಕೆಯಾದರೋ ಇದಕ್ಕೆ ಅಪವಾದವಾಗಿದೆ. ವಿಮರ್ಶಕನಾದ ಗಿಲ್ಬರ್ಟ್ ಸೆಲ್ಡಸ್ 1924ರಲ್ಲಿಯೇ ಇದನ್ನು ಆ ದೇಶದ ಉತ್ತಮ ಕಲಾಕೃತಿಗಳ ಪಂಕ್ತಿಯಲ್ಲಿ ಕುಳ್ಳಿರಿಸಿದನು.

ಹೆರಿಮನ್ 1880ರ ಆಗಸ್ಟ್ 22ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಜನಿಸಿದನು. ಆತನ ಬಾಲ್ಯದಲ್ಲಿಯೇ ಕುಟುಂಬವು ಲಾಸ್ ಏಂಜಲೀಸಿಗೆ ಹೋಗಿ ನೆಲೆಸಿತು. ಮುಂದೆ ಹರ್ಸ್ಟನ ಪತ್ರಿಕೆಗಳಲ್ಲಿ ಆತನು ಚಿತ್ರಕಾರನಾದನು. 1910ರಲ್ಲಿ ‘ಡಿಂಗ್‌ಬ್ಯಾಟ್ ಫ್ಯಾಮಿಲಿ’ ಎಂಬ ಮಾಲಿಕೆಯ ಚಿತ್ರಗಳ ಅಡಿಯಲ್ಲಿ ಉಳಿದ ಕಿರಿದಾದ ಎಡೆಯಲ್ಲಿ ಒಂದು ಬೆಕ್ಕನ್ನೂ ಅದನ್ನು ಹೊಡೆಯುವ ಇಲಿಯನ್ನೂ ಬರೆದನು. ಈ ಉಪಾಖ್ಯಾನವೇ ಬೆಳೆದು 1913ರಲ್ಲಿ ಸ್ವತಂತ್ರ ಮಾಲಿಕೆಯಾಯಿತು. 1916ರಿಂದ ಅದಕ್ಕೆ ಭಾನುವಾರದ ಪೂರ್ಣಪುಟವೂ ದೊರೆಯಿತು.

ಕಥಾವಸ್ತು ಅತ್ಯಲ್ಪ. ಕ್ರೇಜಿ ಎಂಬ ಕರಿಯ ಬೆಕ್ಕಿಗೆ ಇಗ್ನಾಟ್ಸ್ ಎಂಬ ಇಲಿಯಲ್ಲಿ ಅನುರಾಗ. ಇಲಿಯು ದ್ವೇಷದಿಂದ ಇಟ್ಟಿಗೆಯನ್ನೆಸೆಯುತ್ತದೆ. ಬೆಕ್ಕು ಅದನ್ನೇ ಪ್ರಣಯದ ಕಾಣಿಕೆಯೆಂದು ಭಾವಿಸಿ ಪುಳಕಗೊಳ್ಳುತ್ತದೆ. ಬೆಕ್ಕನ್ನು ಗುಟ್ಟಾಗಿ ಪ್ರೀತಿಸುವ ನಾಯಿಯೊಂದು ಆ ಊರಿನ ಪೊಲೀಸು. ಅದು ಇಲಿಯನ್ನು ಹಿಡಿದು ಸೆರೆಮನೆಗೆ ತಳ್ಳುತ್ತದೆ. ಮೂವತ್ತು ವರ್ಷಕಾಲ ಇದೊಂದೇ ಕಥೆ. ಅರಿಜೋನದ ಕೊಕೊನಿನೊ ಸೀಮೆಯ ಮರುಭೂಮಿ ಇದಕ್ಕೆ ರಂಗಸ್ಥಲ. ಅಲ್ಲಿ ಪಾತ್ರಗಳು ನಿಂತಲ್ಲಿಯೇ ಇದ್ದರೂ ಹಿಂದಿನ ಬೆಟ್ಟವು ಮರವಾಗುವುದು, ಹಗಲು ಇರುಳಾಗುವುದು. ನಮ್ಮ ಆಲಂಕಾರಿಕರು ಏಕಪಕ್ಷದ ರತಿಯನ್ನೂ ತಿರ್ಯಗ್ಜಂತುಗಳ ರತಿಯನ್ನೂ ರಸಾಭಾಸವೆಂದು ಗಣಿಸಿರುವರು. ಇಲ್ಲಿ ಎರಡೂ ಕೂಡಿವೆ. ಆದರೂ ಸಹೃದಯನಿಗೆ ಒದಗುವುದು ಆಭಾಸವಲ್ಲ, ಕರುಣದ ನೆರಳುಳ್ಳ ಶುದ್ಧ ಹಾಸ್ಯ. ಕ್ರೇಜಿಯು ಹೆಣ್ಣೋ ಗಂಡೋ ಎಂಬುದನ್ನು ಹೆರಿಮನ್ ನಿಶ್ಚಯಿಸಲಿಲ್ಲ. ಇಂಗ್ಲಿಷಿನ ಸರ್ವನಾಮಗಳು ತಡವರಿಸುವ ಈ ಎಡೆಯಲ್ಲಿ ಕನ್ನಡದ ‘ಅದು’ ನಿರಾಯಾಸವಾಗಿ ಸಾಗುತ್ತದೆ.

ಹೆರಿಮನ್ 1944ರ ಏಪ್ರಿಲ್ 25ರಂದು ತೀರಿಕೊಂಡನು. ಮಾಲಿಕೆಯನ್ನು ಪತ್ರಿಕೆಗಳಲ್ಲಿ ಬೇರೊಬ್ಬರು ಮುಂದುವರಿಸಲಿಲ್ಲ. ಮರಣಪತ್ರದಲ್ಲಿ ಆತನು ಬಿಳಿಯನೆಂದು ದಾಖಲೆಯಾಯಿತು. ಆದರೆ 1971ರಲ್ಲಿ ಆರ್ಥರ್ ಆಸಾ ಬರ್ಗರ್ ಎಂಬ ಪಂಡಿತನು ಬೆಳಕಿಗೆ ತಂದ ಜನ್ಮದಾಖಲೆಯಲ್ಲಿ ಆತನನ್ನು ಕರಿಯರ ವರ್ಗದಲ್ಲಿ ಎಣಿಸಿತ್ತು. ಸಹೋದ್ಯೋಗಿಗಳು ಆತನನ್ನು ಗ್ರೀಕನೆಂದು ಕರೆಯುತ್ತಿದ್ದರು. ವರ್ಣಭೇದವು ಕಠೋರವಾಗಿದ್ದ ಆ ಕಾಲದಲ್ಲಿ ನಿಜವು ಪ್ರಕಟವಾಗಿದ್ದರೆ ಆತನಿಗೆ ಆ ಪತ್ರಿಕಾಲಯಗಳಲ್ಲಿ ಅಂಥ ಸ್ಥಾನ ದೊರೆಯುತ್ತಿದ್ದುದು ದುರ್ಲಭ.

ಈ ದಾಖಲೆಯು ದೊರೆತ ಮೇಲೆ ಪ್ರತಿಯೊಂದು ಇಟ್ಟಿಗೆಯಲ್ಲಿಯೂ ಗೂಢಾರ್ಥವನ್ನು ಹುಡುಕುವವರು ಹೆಚ್ಚಿದರು. ಅದು ಅತಿವ್ಯಾಪ್ತಿ, ಹಾಸ್ಯವನ್ನು ಆತ್ಮಕಥೆಯನ್ನಾಗಿ ಮಾಡಿದರೆ ಹಾಸ್ಯವೇ ಸಾಯುವುದು. ಆದರೆ ಕೆಲವು ಪುಟಗಳನ್ನು ಮೊದಲಿನಂತೆ ಓದುವುದು ಇನ್ನು ಸಾಧ್ಯವಿಲ್ಲ. ಅಂಥ ಒಂದರಲ್ಲಿ ಕ್ರೇಜಿಯು ಸೌಂದರ್ಯಶಾಲೆಯೊಂದನ್ನು ಹೊಕ್ಕು ಬಿಳಿಯ ಬಣ್ಣ ತಾಳಿ ಹೊರಬರುತ್ತದೆ. ಗುರುತಿಸಲಾರದ ಇಗ್ನಾಟ್ಸ್ ಅದನ್ನು ಕಂಡು ಮೋಹಿಸುತ್ತದೆ.