ಮೂತ್ರಪಿಂಡ ರೋಗದ ಪಥ್ಯ ಮತ್ತು ಕೊಡಗಿನ ಸಸ್ಯಾಹಾರ

ಕೊಡಗಿನ ಊಟ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಪಂದಿಕರಿ. ಆದರೆ ಅದರ ಪಕ್ಕದಲ್ಲಿರುವ ಕಡಂಬುಟ್ಟು ಅಕ್ಕಿಯದು. ಅಕ್ಕಿ ಒಟ್ಟಿ, ನೂಪುಟ್ಟು, ಪಾಪುಟ್ಟುಗಳೂ ಅಷ್ಟೆ. ಮಳೆಗಾಲದಲ್ಲಿ ಬೈಂಬಳೆ (ಕಣಿಲೆ), ಕುಮ್ಮು (ಅಣಬೆ), ತೆರ್ಮೆ ತೊಪ್ಪು (ಜರಿಸೊಪ್ಪು), ಕೆಂಬು (ಕೆಸು) ಒಲೆಯೇರುತ್ತವೆ. ಅಮ್ಮಕೊಡವರು ಸಸ್ಯಾಹಾರಿಗಳೇ. ಕಾವೇರಿ ಸಂಕ್ರಮಣದಂದು ಉಳಿದ ಕೊಡವರ ಮನೆಗಳಲ್ಲೂ ದೋಸೆ, ಕುಂಬಳಕಾಯಿ ಕರಿಯ ಊಟ. ಕಿಡ್ನಿ ರೋಗಿಯ ಪಥ್ಯವನ್ನು ಇಲ್ಲಿ ಈ ಅಡುಗೆಯೊಳಗೇ ಹುಡುಕಬೇಕು.

ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ ಕಿಡ್ನಿ ರೋಗವನ್ನು 1827ರಲ್ಲಿ ವಿವರಿಸಿದ. ಪಥ್ಯದ ಚರ್ಚೆ ಬಹುಕಾಲ ಪ್ರೋಟೀನಿನ ಪ್ರಮಾಣದ ಸುತ್ತಲೇ ಸುತ್ತಿತು. 1963-64ರಲ್ಲಿ ಇಟಲಿಯ ಜೋರ್ಡಾನೊ, ಜೊವನೆಟ್ಟಿ ಮತ್ತು ಮಜ್ಜೋರೆ ಪ್ರೋಟೀನ್ ತೀರ ಇಳಿಸಿ ಯೂರಿಯಾದ ಬಾಧೆ ತಗ್ಗಿಸಿದರು. ರೋಗಿಯ ಕಿಡ್ನಿಯಲ್ಲಿ ಉಳಿದಿರುವ ಶೋಧಕಗಳಿಗೆ ಹೆಚ್ಚು ಪ್ರೋಟೀನ್ ಹೊರೆಯಾಗುತ್ತದೆ ಎಂದು 1982ರಲ್ಲಿ ಬ್ಯಾರಿ ಬ್ರೆನ್ನರ್ ವಾದಿಸಿದ. 1994ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಮಾತ್ರ ಲಾಭ ಸ್ಪಷ್ಟವಾಗಲಿಲ್ಲ.

ಪ್ರೋಟೀನ್ ಎಷ್ಟು ಎನ್ನುವುದರ ಜತೆಗೆ ಎಲ್ಲಿಂದ ಬಂತು ಎನ್ನುವ ಪ್ರಶ್ನೆ ಆಮೇಲೆ ಮುನ್ನೆಲೆಗೆ ಬಂತು. 2011ರಲ್ಲಿ ಶರೋನ್ ಮೋ ತಂಡ 9 ರೋಗಿಗಳಿಗೆ ಒಂದು ವಾರ ಸಸ್ಯಾಹಾರ, ಇನ್ನೊಂದು ವಾರ ಮಾಂಸ-ಹಾಲಿನ ಆಹಾರ ಕೊಟ್ಟಿತು. ಕಿಡ್ನಿ ಸೋತಾಗ ದೇಹದಲ್ಲಿ ಉಳಿದುಬಿಡುವ ರಂಜಕದ (ಫಾಸ್ಫರಸ್) ಪ್ರಮಾಣ ಎರಡರಲ್ಲೂ ಒಂದೇ. ಆದರೆ ಸಸ್ಯಾಹಾರದ ವಾರ ರಕ್ತದಲ್ಲಿ ರಂಜಕ ಕಡಿಮೆಯಿತ್ತು. ಕಾಳು, ಧಾನ್ಯಗಳ ರಂಜಕ ಬಹುಪಾಲು ಫೈಟೇಟ್ ರೂಪದಲ್ಲಿದ್ದು, ನಮ್ಮ ಕರುಳು ಅದನ್ನು ಸರಿಯಾಗಿ ಬಿಡಿಸಿಕೊಳ್ಳಲಾರದು. ಹಣ್ಣು-ತರಕಾರಿ ರಕ್ತದ ಆಮ್ಲತೆಯನ್ನೂ ತಗ್ಗಿಸುತ್ತವೆ. ಕಿಡ್ನಿ ಚಿಕಿತ್ಸೆಯ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ 2024ರ ಮಾರ್ಗಸೂಚಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.8 ಗ್ರಾಂ ಪ್ರೋಟೀನ್ ಹೇಳಿ, ಸಸ್ಯಮೂಲದ ಪಾಲು ಹೆಚ್ಚಲಿ ಎಂದಿತು.

ಹಾಗೆಂದು ಸಸ್ಯಮೂಲದ್ದೆಲ್ಲ ಹಿತವಲ್ಲ. ತಟ್ಟೆ ತುಂಬ ಬಿಳಿ ಅನ್ನವೂ ಸಸ್ಯಾಹಾರವೇ, ಸಕ್ಕರೆ ಕಾಯಿಲೆಯವರಿಗೆ ಅದರಿಂದ ಲಾಭ ಮಾತ್ರ ಇಲ್ಲ. ಕಿಡ್ನಿ ಸೋತವರಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರು, ಬಾಳೆಹಣ್ಣು, ಕಿತ್ತಳೆ ಸೇವಿಸುವ ಮುನ್ನ ರಕ್ತಪರೀಕ್ಷೆಯ ಲೆಕ್ಕ ನೋಡಬೇಕು. ಬೈಂಬಳೆಯನ್ನು ನೀರು ಬದಲಿಸುತ್ತ ದಿನಗಟ್ಟಲೆ ನೆನೆಸುವುದು ಕಹಿಯನ್ನೂ ವಿಷವನ್ನೂ ತೆಗೆಯಲೆಂದು. ಹೆಚ್ಚಿ ಬೇಯಿಸಿದ ನೀರು ಚೆಲ್ಲಿದರೆ ಪೊಟ್ಯಾಸಿಯಮ್ಮೂ ಅದರೊಂದಿಗೆ ಹೋಗುತ್ತದೆ. ಅಜ್ಜಿಯರ ಈ ರೂಢಿಯನ್ನೇ ಇಂದು ಆಹಾರತಜ್ಞರು ಪೊಟ್ಯಾಸಿಯಂ ಹೆಚ್ಚಿರುವ ತರಕಾರಿಗಳಿಗೂ ಹೇಳಿಕೊಡುತ್ತಾರೆ. ಆಕ್ಸಲೇಟಿನ ಬಗೆಗೂ ಎಚ್ಚರ ಬೇಕು; ಕೆಂಬಿನ ತುರಿಕೆಗೆ ಅದರ ಹರಳುಗಳೇ ಕಾರಣ. ಆಕ್ಸಲೇಟ್ ತುಂಬಿದ ಬಿಂಬುಳಿ ರಸ ಕುಡಿದು 10 ಜನರ ಕಿಡ್ನಿ ಹಠಾತ್ತನೆ ಕೈಕೊಟ್ಟದ್ದನ್ನು ಪಕ್ಕದ ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದರು.

ಕಕ್ಕಡ ಪದಿನೆಟ್ಟರಂದು, ಅಂದರೆ ಕಕ್ಕಡ ತಿಂಗಳ 18ನೇ ದಿನ, ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಎಂಬುದು ನಂಬಿಕೆ. ಉಂಡ ಮೇಲೆ ಮೂತ್ರ ಕೆಂಪಾಗುವುದು ಸೊಪ್ಪಿನ ಬಣ್ಣದಿಂದ. ಹಬ್ಬ ಕಳೆದು ದಿನಗಳಾದ ಮೇಲೂ ಕೆಂಪು ಕಂಡರೆ ಅದು ರಕ್ತವಿರಬಹುದು, ವೈದ್ಯರಿಗೆ ತೋರಿಸಬೇಕು.